ಮಗ್ಗದ ಸದ್ದಿನ ಹಕ್ಕು

೧೯೯೦ರ ಜುಲೈ ೨೨, ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಭೀಮನ ಅಮಾವಾಸ್ಯೆ. ಆಗೆಲ್ಲ ದೊಡ್ಡಬಳ್ಳಾಪುರದ ಆ ಬೀದಿಗೆ ಸುಪ್ರಭಾತವೂ ಜೋಗುಳವೂ ವಿದ್ಯುತ್ ಮಗ್ಗದ ಸದ್ದೇ. ಅಮಾವಾಸ್ಯೆಗೆ ಮಾತ್ರ ರಜೆ. ತೊಂದರೆ ಶುರುವಾದದ್ದು ಆ ನಿಶ್ಶಬ್ದದಿಂದ.

ಹದಿನೈದು ದಿನದ ಹಿಂದಷ್ಟೇ ನೇಕಾರ ಸಂಜೀವಪ್ಪನ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಬ್ಯಾಂಕ್ ಗುಮಾಸ್ತ ಭಾನುಪ್ರಕಾಶನಿಗೆ ತನ್ನ ಗಡಿಯಾರದ ಟಿಕ್ ಟಿಕ್ ಅಂದು ಮೊದಲ ಸಲ ಕೇಳಿಸಿತು. ನಿಶ್ಶಬ್ದದ ರುಚಿ ಹತ್ತಿದ್ದೇ ತಡ, ನೇರ ಸಂಜೀವಪ್ಪನ ಮನೆಗೆ ಬಂದ. ಸಂಜೀವಪ್ಪ ಮಣೆಯ ಮೇಲೆ ಕೂತು ಹೆಂಡತಿ ಲಕ್ಷ್ಮೀದೇವಮ್ಮನಿಂದ ಪಾದಪೂಜೆ ಮಾಡಿಸಿಕೊಳ್ಳುತ್ತಿದ್ದ. ಪೂಜೆ, ಕಡುಬು, ಆಮೇಲೆ ಸಂಜೆಯವರೆಗೆ ನಿದ್ದೆ. ತಿಂಗಳಿಡೀ ಅವನು ಕಾಯುತ್ತಿದ್ದುದೇ ಆ ನಿದ್ದೆಗೆ.

"ರೀ, ಇನ್ಮೇಲೆ ರಾತ್ರಿ ಮಗ್ಗ ನಿಲ್ಲಿಸ್ಬೇಕು. ಇಲ್ಲಾಂದ್ರೆ ಕೇಸ್ ಹಾಕ್ತೀನಿ!"

ರಾತ್ರಿ ಮಗ್ಗ ನಿಂತರೆ ಒಲೆಯೂ ನಿಂತಂತೆ. ಅರಿಶಿನ ಮೆತ್ತಿದ ಕಾಲಲ್ಲೇ ಸಂಜೀವಪ್ಪ ಎದುರು ಮನೆಯ ಜಗಲಿಗೆ ಓಡಿದ. ಭಾನುಪ್ರಕಾಶ್ ಬೆನ್ನಿಗೇ ಬಂದ, ಬೀದಿಯೂ ಬಂತು. ಜಗಲಿಯಲ್ಲಿ ಕೋರ್ಟಿನ ನಿವೃತ್ತ ಶಿರಸ್ತೇದಾರ ದೊಡ್ಡಮುನಿಯಪ್ಪನವರು. ಬೀದಿಯ ಜಗಳಗಳೆಲ್ಲ ಅವರ ಆರಾಮ ಕುರ್ಚಿಯ ಮುಂದೆಯೇ ತೀರುತ್ತಿದ್ದವು. ಅವರು ಕೆಮ್ಮಿದರೂ ತೀರ್ಪು ಓದಿದಂತಿರುತ್ತಿತ್ತು.

"ಮಗ್ಗ ಹಾಕಿ ಎಷ್ಟು ವರ್ಷ ಆಯ್ತಪ್ಪ?"

"ಇಪ್ಪತ್ತು, ಸಾ."

"ಇಪ್ಪತ್ತು ವರ್ಷ ತಡೆಯಿಲ್ದೆ ನಡ್ಕೊಂಡು ಬಂದಿದ್ದು ಹಕ್ಕಾಗ್ತದೆ. ಮಧ್ಯ ನಿಂತಿದ್ದುಂಟಾ?"

ಸಂಜೀವಪ್ಪನ ಎದೆ ಲಾಳಿಯಂತೆ ಅತ್ತಿಂದಿತ್ತ ಹಾರಿತು. "ಒಂದಿನಾನೂ ಇಲ್ಲ ಸಾ! ಹಬ್ಬ, ಅಮಾಸೆ ಏನೂ ನೋಡಿಲ್ಲ!"

"ಮತ್ತೆ ಇವತ್ತು?" ಭಾನುಪ್ರಕಾಶ್ ಕೇಳಿದ.

"ಪೂಜೆ ಮುಗಿಸ್ಕೊಂಡು ಹಾಕೋನಿದ್ದೆ ಕಣಪ್ಪ!"

ಬೀದಿಯವರೆಲ್ಲ ಮಗ್ಗದವರೇ. ಎಲ್ಲರೂ ಹೌದೆಂದು ತಲೆಯಾಡಿಸಿದರು.

"ಹಾಗಾದ್ರೆ ಮಗ್ಗ ಓಡ್ಲಿ. ಭಾನುಪ್ರಕಾಶ್, ನೀನು ಕಿವಿಗೆ ಹತ್ತಿ ಇಟ್ಕೊ."

ಸಂಜೀವಪ್ಪ ಕೈಮುಗಿದು ಹೊರಟ. ಆಗ ಅವನ ಇನ್ನೊಂದು ಪಕ್ಕದ ಮನೆಯ ರುಕ್ಮಿಣಮ್ಮ, ಚೀರುತ್ತಿದ್ದ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಮುಂದೆ ಬಂದರು.

"ಸಾಮಿ, ನಮ್ಮನೆ ಮಕ್ಳೆಲ್ಲ ಇಪ್ಪತ್ತು ವರ್ಷದಿಂದ ಆ ಸದ್ದಿಗೇ ಮಲಗೋದು. ಇವತ್ತು ಸದ್ದಿಲ್ಲ, ಈ ಮೋನಿಷಾ ಕಣ್ಣೇ ಮುಚ್ಚಿಲ್ಲ. ಇವಳಿಗೂ ಹಕ್ಕು ಐತಲ್ವಾ?"

ದೊಡ್ಡಮುನಿಯಪ್ಪನವರು ಕೆಮ್ಮಿದರು. "ಐತೆ. ಮಗು ಮಲಗಿ ಏಳೋವರೆಗೂ ಮಗ್ಗ ನಿಲ್ಲಕೂಡ್ದು."

"ಅಯ್ಯೋ ಸಾ, ಅಮಾಸೆ ರಜ..."

"ಅಮಾಸೆ ನೋಡಿಲ್ಲ ಅಂತ ಈಗ್ತಾನೆ ಹೇಳಿದ್ಯಾರಪ್ಪ?"

"ಇವತ್ತು ಲೈನ್ ರಿಪೇರಿ ಸಾ, ಸಂಜೆವರೆಗೂ ಕರೆಂಟೇ ಇಲ್ಲ!"

"ಮಗ್ಗದ ಚಕ್ರ ಐತಲ್ಲ, ಕೈಲಿ ತಿರುಗ್ಸು."

ಲಕ್ಷ್ಮೀದೇವಮ್ಮ ಕಡುಬನ್ನು ಮಗ್ಗದ ಬಳಿಗೇ ತಂದಿಟ್ಟಳು. ಒಂದು ಗೋಡೆಯಾಚೆ ಮೋನಿಷಾ, ಇನ್ನೊಂದು ಗೋಡೆಯಾಚೆ ಕಿವಿಗೆ ಹತ್ತಿ ತುರುಕಿಕೊಂಡ ಭಾನುಪ್ರಕಾಶ್, ಇಬ್ಬರೂ ಸೊಂಪಾಗಿ ನಿದ್ದೆಹೋದರು. ಚಕ್ರ ನಿಂತಾಗಲೆಲ್ಲ ಮಗು ಮುಲುಗುತ್ತಿತ್ತು, ಸಂಜೀವಪ್ಪ ಮತ್ತೆ ತಿರುಗಿಸುತ್ತಿದ್ದ. ಸಂಜೆ ಮಗು ಎದ್ದಾಗ ಅವನು ನೇಯ್ದಿದ್ದ ಸೀರೆಯ ಉದ್ದ ನಾಲ್ಕೂವರೆ ಅಂಗುಲ.