ನಲವತ್ತೊಂದು ಪುಟಗಳ ಕಾವಲುಗಾರ

ಕರಾರುಪತ್ರವನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದಿ, ಆಮೇಲೆ ಒಪ್ಪುವ ಮನುಷ್ಯರು ಈ ಭೂಮಿಯ ಮೇಲೆ ಎಷ್ಟು ಮಂದಿ ಉಳಿದಿದ್ದಾರೋ ನನಗೆ ತಿಳಿಯದು. ಒಬ್ಬನಂತೂ ಬೈಲಹೊಂಗಲದಲ್ಲಿದ್ದಾನೆ. ಅದರಿಂದ ಅವನಿಗೆ ಬಂದ ಮರ್ಯಾದೆ ಎಂಥದೆಂದು ಹೇಳಿಕೊಳ್ಳಲು ಅವನೇ ಇಲ್ಲಿ ಖುದ್ದಾಗಿ ಹಾಜರಾಗಿದ್ದಾನೆ. ಮೂವತ್ತನಾಲ್ಕು ವರ್ಷ ನಾನು ಬಾಂಡ್ ರೈಟರ್ ಆಗಿದ್ದೆ. ಈ ತಾಲೂಕಿನ ಜನ ಹೊಲ ಕೊಂಡದ್ದು, ಮನೆ ಮಾರಿದ್ದು, ಅಣ್ಣತಮ್ಮಂದಿರು ಪಾಲು ಹಂಚಿಕೊಂಡು ಮುಖ ತಿರುಗಿಸಿದ್ದು ಎಲ್ಲವೂ ನನ್ನ ಅಕ್ಷರದಲ್ಲೇ ನಡೆದಿದೆ. ಬರೆದದ್ದನ್ನು ಪೂರ್ತಿ ಓದಿ ಹೇಳದೆ ನಾನು ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡವನಲ್ಲ. ಕೇಳುತ್ತ ಕೇಳುತ್ತ ಸಾಕ್ಷಿದಾರರು ತೂಕಡಿಸುತ್ತಿದ್ದರು. ಎಬ್ಬಿಸಿ ಮತ್ತೆ ಓದುತ್ತಿದ್ದೆ. ಒಮ್ಮೆ ಸಾಲಹಳ್ಳಿಯ ಮುದುಕನೊಬ್ಬ ಹೊಲದ ಗಡಿಯ ವಿವರ ಕೇಳಿಸಿಕೊಂಡು, “ಮೂಡಲಕ್ಕ ತಮ್ಮನ ಹೊಲ ಅಂತ ಅಷ್ಟ ಬರದ್ರ ಹೆಂಗ್ರಿ? ಅವ ಎಂಥವ ಅನ್ನೂದೂ ಬರೀರಿ. ಕೊಳ್ಳಾವ್ರಿಗೆ ಗೊತ್ತಿರಬೇಕಲ್ಲ” ಎಂದ. ಅದಕ್ಕೆ ಕಾಯಿದೆಯಲ್ಲಿ ಅವಕಾಶವಿಲ್ಲ ಎಂದು ತಿಳಿಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಆದರೂ ದಸ್ತಾವೇಜಿನ ಮೇಲೆ ಅಷ್ಟು ಆಸಕ್ತಿ ತೋರಿದ ಇನ್ನೊಬ್ಬ ಕಕ್ಷಿದಾರನನ್ನು ನಾನು ಕಾಣಲಿಲ್ಲ.

ನಮ್ಮ ಮನೆಯವಳು ಹೊಲಿಗೆ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಹೀಗಾಗಿ ಊರಿಗೆಲ್ಲ ಅವಳು ಅಕ್ಕೋರು, ನಾನು ಅಕ್ಕೋರ ಮನೆಯವರು. ನಿವೃತ್ತಳಾದ ಮೇಲೆ ಅವಳು ಸವದತ್ತಿ, ರಾಮದುರ್ಗ, ಕಟಕೋಳ ಎಂದು ಅಲೆದು, ಹಳೆಯ ಟ್ರಂಕುಗಳ ತಳದಲ್ಲಿ ಮಲಗಿದ್ದ ಇಳಕಲ್ ಸೀರೆಗಳನ್ನು ಎರವಲು ತಂದು, ಅವುಗಳ ಕಸೂತಿಯನ್ನು ಭೂತಗನ್ನಡಿ ಹಿಡಿದು ಎಣಿಸಿ, ಹೊಲಿಗೆಗೊಂದು ಚೌಕದಂತೆ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಬಣ್ಣ ತುಂಬಿಟ್ಟಳು. ಲೋಕವೆಲ್ಲ ಸಂಬಳ ಕೂಡಿಸುವ ಹಾಳೆಯಲ್ಲಿ ಇವಳದು ಆನೆ, ಗೋಪುರ, ತೊಟ್ಟಿಲು, ತುಳಸಿಕಟ್ಟೆ. ಮೂರು ವರ್ಷದ ಕೆಲಸ. ಸೀರೆಗಳು ಒಡತಿಯರ ಮನೆಗೆ ವಾಪಸು ಹೋದವು. ಕೆಲವು ಮಡಿಕೆಯಲ್ಲೇ ಹರಿದವು. ಒಂದನ್ನು ಕೊಟ್ಟು ಆ ಮನೆಯವರು ಸ್ಟೀಲಿನ ಡಬ್ಬಿ ತೆಗೆದುಕೊಂಡರು. ಆ ನಮೂನೆಗಳು ಈಗ ಇರುವುದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ. ತಿಂಗಳ ಕೊನೆಗೆ ಅವನ್ನು ಕಿತ್ತೂರಿನ ಹೊಲಿಗೆ ತರಗತಿಯ ಹೆಂಗಸರಿಗೆ ಒಪ್ಪಿಸುವುದಾಗಿ ಅವಳು ಮಾತು ಕೊಟ್ಟಿದ್ದಳು.

ಅಷ್ಟರಲ್ಲಿ ಕಂಪ್ಯೂಟರಿನ ನಡತೆ ಕೆಟ್ಟಿತು. ಗುಂಡಿ ಒತ್ತಿದರೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಬರುತ್ತಿತ್ತು. ನನ್ನ ತಲೆಯನ್ನು ಅದು ಎಲ್ಲಿಂದ ನೋಡಿತೋ ತಿಳಿಯದು. “ಏನ್ರಿ, ಇದಕ್ಕೊಂದು ಛಲೋ ಆಂಟಿವೈರಸ್ ಹಾಕಸ್ರಿ. ನನ್ನ ಆನಿ, ಗೋಪುರ ಹ್ವಾದ್ರ ನಾ ಸುಮ್ನ ಇರಾಂಗಿಲ್ಲ ನೋಡ್ರಿ” ಎಂದಳು. ಆಯ್ಕೆಯ ಹೊಣೆಯನ್ನು ನಾನು ವಿಧಿಪೂರ್ವಕವಾಗಿ ಹೊತ್ತೆ. ಮೊದಲು ರಾಮದುರ್ಗದಲ್ಲಿರುವ ನನ್ನ ಹೆಂಡತಿಯ ತಮ್ಮನಿಗೆ ಫೋನು ಮಾಡಿದೆ. ಅವನು ತನ್ನ ಕಂಪ್ಯೂಟರಿಗೆ ಎರಡು ಬೇರೆ ಬೇರೆ ಕಂಪನಿಯ ಆಂಟಿವೈರಸ್ ಹಾಕಿಸಿದ್ದನಂತೆ. “ಒಂದು ಮಲಗಿದಾಗ ಇನ್ನೊಂದು ಎದ್ದಿರತೈತಿ ಅಂತ ಮಾಡಿದ್ನಿರಿ, ಮಾವಾರ. ಎರಡೂ ಒಂದಕ್ಕೊಂದು ಕಳ್ಳ ಅಂತ ತಿಳದು ಕುಸ್ತಿ ಹಿಡದಾವು. ಎರಡು ದಿನ ಆತು, ಬಿಡಸಾಕ ಆಗವಲ್ದು” ಎಂದ. ಎಂ.ಕೆ. ಹುಬ್ಬಳ್ಳಿಯ ಬೀಗರೊಬ್ಬರು ಪುಕ್ಕಟೆ ಸಿಗುವುದೇ ಸಾಕು ಎಂದರು. ಪುಕ್ಕಟೆ ಕೊಡುವವನು ಯಾಕೆ ಕೊಡುತ್ತಾನೆ ಎಂದು ಬಕ್ಷೀಸಪತ್ರ ಬರೆಯುವಾಗಲೆಲ್ಲ ಸಂಶಯಪಟ್ಟವನು ನಾನು. ಆ ಸಲಹೆಯನ್ನು ಅಲ್ಲೇ ವಜಾ ಮಾಡಿದೆ.

ಕೊನೆಗೆ ಮಕ್ತುಂಸಾಬನನ್ನು ಕರೆಸಿದೆ. ಪೇಟೆಯಲ್ಲಿ ಅವನದು ಕಂಪ್ಯೂಟರ್ ಮಾರಿ ರಿಪೇರಿ ಮಾಡುವ ಅಂಗಡಿ. ಅವರಪ್ಪ ಕೊಂಡ ಮನೆಯ ಖರೀದಿಪತ್ರ ನಾನೇ ಬರೆದದ್ದು. ಆ ಸಲುಗೆಯಿಂದ ನನ್ನನ್ನು ಕಾಕಾ ಎನ್ನುತ್ತಾನೆ. ಅವನು ಒಂದು ಕಂಪನಿಯ ಆಂಟಿವೈರಸ್ ತಂದು, ಎರಡು ನಿಮಿಷ ಟಕಟಕ ಒತ್ತಿ, ಒಂದು ಸಣ್ಣ ಚೌಕದ ಮುಂದೆ ಬಂದು ನಿಂತ.

“ಇಲ್ಲೊಂದು ಟಿಕ್ ಹಾಕ್ರಿ ಕಾಕಾ, ಮುಗೀತು.”

“ಏನಂತ ಬರದೈತಿ?”

“ಒಪ್ಪಿದೆ ಅಂತ್ರಿ.”

“ಯಾವುದಕ್ಕ?”

ಮಕ್ತುಂಸಾಬ ಪರದೆಯನ್ನು ನೋಡಿದ, ನನ್ನನ್ನು ನೋಡಿದ. “ಇಷ್ಟು ವರ್ಷ ಧಂದೆ ಮಾಡೇನ್ರಿ, ಇದನ್ನ ಯಾರೂ ಕೇಳಿಲ್ಲ” ಎಂದ. ಹಾಗಾದರೆ ಕರಾರನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ತಾ, ಓದಿ ಹೇಳುತ್ತೇನೆ ಎಂದೆ. ಸಂಜೆ ತಂದುಕೊಟ್ಟ. ನಲವತ್ತೊಂದು ಪುಟ, ಇರುವೆಯ ಗಾತ್ರದ ಇಂಗ್ಲಿಷು. “ಎಷ್ಟ ದಿನಾ ಹಿಡೀತೈತ್ರಿ ಕಾಕಾ?” ಎಂದು ಕೇಳಿದ. ದಿನಕ್ಕೆ ನಾಲ್ಕು ಪುಟ ಎಂದೆ. ಅವನು ಅಕ್ಕೋರ ಮುಖ ನೋಡಿದ. ಅಕ್ಕೋರು ಗೋಡೆಯ ಕ್ಯಾಲೆಂಡರ್ ನೋಡಿದರು.

ಓದು ಶುರುವಾಯಿತು. ಕೆಂಪು ಪೆನ್ನು ಹಿಡಿದು ಅಂಚಿನಲ್ಲಿ ತಕರಾರು ಬರೆಯುತ್ತ ಹೋದೆ. ಎಂಥ ಕರಾರು ಎನ್ನುತ್ತೀರಿ! ಕಂಪ್ಯೂಟರಿಗೆ ವೈರಸ್ ತಗುಲಿದರೆ ಕಂಪನಿ ಹೊಣೆಯಲ್ಲವಂತೆ. ಬಾಗಿಲಿಗೆ ಕಾವಲು ನಿಲ್ಲುವವನು, ಕಳ್ಳತನವಾದರೆ ತನ್ನನ್ನು ಕೇಳಕೂಡದೆಂದು ಮೊದಲೇ ಬರೆಸಿಕೊಳ್ಳುವುದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ವ್ಯಾಜ್ಯ ಬಂದರೆ ಹೂಡಬೇಕಾದ ಕೋರ್ಟು ಬೈಲಹೊಂಗಲದಲ್ಲಲ್ಲ, ನನಗೆ ಉಚ್ಚರಿಸಲು ಬಾರದ ಒಂದು ಪರದೇಶದ ಊರಿನಲ್ಲಿ. ಹತ್ತೊಂಬತ್ತನೆಯ ಪುಟದಲ್ಲಿ, ಈ ಆಂಟಿವೈರಸ್ಸನ್ನು ಅಣುಸ್ಥಾವರ ನಡೆಸಲು ಬಳಸತಕ್ಕದ್ದಲ್ಲ ಎಂದಿತ್ತು. ಇಂಥ ಮಾತಿಗೆ ಮನೆಮಂದಿಯನ್ನೆಲ್ಲ ವಿಚಾರಿಸದೆ ಒಪ್ಪಿಗೆ ಕೊಡುವುದು ಸರಿಯಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ, “ಕೇಳಿಲ್ಲೆ, ನಮ್ಮ ಮನಿಯಾಗ ಅಣುಶಕ್ತಿಲೆ ನಡಿಯೂದು ಏನರ ಐತೇನು?” ಎಂದೆ.

“ಕುಕ್ಕರ್ ಐತಿ. ಅದರ ಸೀಟಿ ಹೋಗಿ ತಿಂಗಳಾತು. ಅದನ್ನೂ ಬರಕೊಳ್ರಿ” ಎಂದಳು.

ಒಂಬತ್ತನೆಯ ದಿನಕ್ಕೆ ಮೂವತ್ತಾರನೆಯ ಪುಟ ಮುಟ್ಟಿದ್ದೆ. ಮಳೆಯ ಸುದ್ದಿ ನೋಡೋಣವೆಂದು ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕುಳಿತೆ. ಸುದ್ದಿಯ ಮೇಲೆ ಒಂದು ಹಳದಿ ಪುಟ ಮೂಡಿತು. ಕನ್ನಡದಲ್ಲಿತ್ತು! “ಮಾನ್ಯರೇ, ತಮ್ಮ ಗಣಕಯಂತ್ರವು ಅಪಾಯದಲ್ಲಿರುವುದು ನಮ್ಮ ಗಮನಕ್ಕೆ ಬಂದಿರುತ್ತದೆ. ತಮ್ಮ ಹಿತದೃಷ್ಟಿಯಿಂದ ಉತ್ತಮ ರಕ್ಷಣೆಯನ್ನು ಉಚಿತವಾಗಿ ಒದಗಿಸಲು ನಾವು ಬದ್ಧರಾಗಿರುತ್ತೇವೆ. ತಮ್ಮ ಒಪ್ಪಿಗೆಯನ್ನು ಕೋರಲಾಗಿದೆ.” ಮೂರೇ ವಾಕ್ಯ. ಬಂದಿರುತ್ತದೆ, ಬದ್ಧರಾಗಿರುತ್ತೇವೆ: ಆಹಾ, ಇದು ನಮ್ಮ ಧಂದೆಯ ಕನ್ನಡ! ಒಂದು ಕಾಗುಣಿತ ತಪ್ಪಿಲ್ಲ, ‘ತಮ್ಮ’ ಎಂಬ ಗೌರವ ಒಂದು ಕಡೆಯೂ ಜಾರಿಲ್ಲ. ಬರೆದವನು ಯಾರೋ ಹಳೆಯ ಕೈ ಎನಿಸಿ ಎದೆ ತುಂಬಿಬಂತು. ಅಣುಸ್ಥಾವರದ ಉಸಾಬರಿಯಿಲ್ಲ, ಪರದೇಶದ ಕೋರ್ಟಿಲ್ಲ. ಮೂರು ವಾಕ್ಯವನ್ನೂ ಪೂರ್ತಿ ಓದಿ, ಎರಡು ಸಲ ಓದಿ, ಒಪ್ಪಿಗೆಯನ್ನು ಒತ್ತಿದೆ.

ಪರದೆ ಬೆಳ್ಳಗಾಯಿತು. ಒಂದು ಚಕ್ರ ತಿರುಗತೊಡಗಿತು. ಅದು ತಿರುಗಿದಂತೆಲ್ಲ ನನಗೆ ಕಟಕೋಳದ ಸೀರೆಯ ಆನೆಯೇ ಕಣ್ಣಿಗೆ ಕಟ್ಟಿತು. ಅಂಬಾರಿ ಹೊತ್ತ ಆ ಒಂದು ಆನೆಯನ್ನು ಅವಳು ಹನ್ನೊಂದು ದಿನ ಎಣಿಸಿದ್ದಳು. ಕಣ್ಣು ಉರಿದು ತಣ್ಣೀರ ಬಟ್ಟೆ ಹಾಕಿಕೊಂಡು ಮಲಗಿ, ಎದ್ದು ಮತ್ತೆ ಎಣಿಸಿದ್ದಳು. ಆ ಸೀರೆ ಈಗ ಇಲ್ಲ. ಡಬ್ಬಿಯಾಗಿದೆ. ಅವಳನ್ನು ಕರೆದೆ.

“ಕೇಳಿಲ್ಲೆ, ಇಲ್ಲೊಂದು ತಪ್ಪು ಸಂಭವಿಸಿರುತ್ತದೆ.”

“ಯಾರು ಮಾಡಿದ್ದು?”

ಕರ್ತೃವೇ ಇಲ್ಲದೆ ವಾಕ್ಯ ಕಟ್ಟುವುದು ಮೂವತ್ತನಾಲ್ಕು ವರ್ಷ ನನ್ನ ಅನ್ನವಾಗಿತ್ತು. ಆ ವಿದ್ಯೆ ಮನೆಯಲ್ಲಿ ನಡೆಯಲಿಲ್ಲ. “ನಾನ” ಎಂದೆ. ಅವಳು ಕೈ ಒರೆಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಕುಳಿತಳು. ಚಕ್ರ ತಿರುಗುತ್ತಿದ್ದ ಪುಟವನ್ನು ಮುಚ್ಚಿ, ಎಕ್ಸೆಲ್ ಹಾಳೆಗಳನ್ನು ಒಂದೊಂದಾಗಿ ತೆರೆದಳು. ಗೋಪುರವಿತ್ತು. ತೊಟ್ಟಿಲಿತ್ತು. ಕಟಕೋಳದ ಆನೆ ಅಂಬಾರಿ ಸಮೇತ ನಿಂತಿತ್ತು. ಅವಳು ಉಸಿರು ಬಿಟ್ಟಾಗಲೇ ನಾನೂ ಬಿಟ್ಟೆ. ಆಮೇಲೆ ಪರದೆಯ ಮೂಲೆಯಲ್ಲಿದ್ದ ಸಣ್ಣ ಚೀಟಿಯೊಂದನ್ನು ಬೆರಳಿಟ್ಟು ತೋರಿಸಿದಳು. ಅಪಾಯಕಾರಿ ಪುಟವನ್ನು ತಡೆಯಲಾಗಿದೆ ಎಂದು ಅದರಲ್ಲಿತ್ತು.

“ಯಾರು ತಡದ್ರು?” ಎಂದೆ.

“ಆಂಟಿವೈರಸ್.”

“ಅದನ್ನ ಹಾಕ ಇಲ್ಲಲ್ಲ. ಇನ್ನೂ ಐದು ಪುಟ ಉಳದಾವು.”

“ಹಾಳಿ ಕೊಟ್ಟ ಮರುದಿನ ನೀವು ಸವದತ್ತಿಗೆ ಹ್ವಾದ್ರಿ, ಮಕ್ತುಮ ಬಂದು ಹಾಕಿ ಹ್ವಾದ. ಟಿಕ್ ನಾನ ಒತ್ತಿದ್ನಿ.”

“ಓದದನ?”

“ನಿಮ್ಮನ್ನ ಮಾಡಿಕೊಳ್ಳೂಮುಂದ ಏನ್ ಓದಿ ಮಾಡಿಕೊಂಡಿದ್ನ್ಯಾ?” ಎಂದು ಕನ್ನಡಕ ತೆಗೆದಿಟ್ಟು ಒಗ್ಗರಣೆ ನೋಡಲು ಹೋದಳು.

ನಮೂನೆಗಳು ಕಿತ್ತೂರು ಸೇರಿದವು. ನಾನು ಎಲ್ಲಿ ಸೇರಿದೆ ಎಂಬುದನ್ನಷ್ಟು ಹೇಳಿಬಿಡುತ್ತೇನೆ. ಅಂದು ಸಂಜೆಯೇ ಅಕ್ಕೋರ ಕರೆಗೆ ಓಗೊಟ್ಟು ಮಕ್ತುಂಸಾಬ ಬಂದ. ಆಂಟಿವೈರಸ್ಸಿನಲ್ಲಿ ಮಕ್ಕಳ ರಕ್ಷಣೆ ಎಂಬುದೊಂದು ಏರ್ಪಾಡಿದೆಯಂತೆ. ಮಕ್ಕಳು ಗೊತ್ತಿಲ್ಲದ ಪುಟ ತೆರೆಯಹೋದರೆ ತಾಯಿಯ ಮೊಬೈಲಿಗೆ ಸಂದೇಶ ಹೋಗುತ್ತದೆ. ಅವಳು ಹೂಂ ಎಂದರೆ ತೆರೆಯುತ್ತದೆ. “ಸಿಟ್ಟಿಗೇಳಬ್ಯಾಡ್ರಿ ಕಾಕಾ, ನಿಮ್ಮ ಖರೇ ವಯಸ್ಸು ಹಾಕಿದ್ರ ಇದು ತಗೊಳ್ಳಾಂಗಿಲ್ರಿ. ಹನ್ನೆರಡು ಅಂತ ಹಾಕೇನಿ” ಎಂದ. ಅಂದಿನಿಂದ ನಾನು ಮೌಸ್ ಮುಟ್ಟಿದರೆ ಅಡುಗೆಮನೆಯಲ್ಲಿ ಮೊಬೈಲು ಟಿಣ್ ಎನ್ನುತ್ತದೆ: ನಿಮ್ಮ ಮಗು ಅನುಮತಿ ಕೇಳುತ್ತಿದೆ. ನಮ್ಮ ಭಾಗದ ಹಳೆಯ ದಸ್ತಾವೇಜುಗಳಲ್ಲಿ ಹದಿನೆಂಟು ತುಂಬದ ಮಕ್ಕಳನ್ನು ‘ಅಜ್ಞಾನ’ ಎಂದೇ ಬರೆಯುವುದು ರೂಢಿ; ಪಕ್ಕದಲ್ಲಿ ‘ಅಜ್ಞಾನ ಪಾಲನಕರ್ತ’ ಎಂದು ತಂದೆಯ ಅಥವಾ ತಾಯಿಯ ಹೆಸರು. ಎಷ್ಟೋ ಮಕ್ಕಳ ಹೆಸರಿಗೆ ನಾನೇ ಈ ಕೈಯಿಂದ ಅದನ್ನು ಬರೆದಿದ್ದೇನೆ. ಆ ಮಕ್ಕಳಿಗೆ ಏನನಿಸೀತೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಮೊನ್ನೆ ಧೈರ್ಯ ಮಾಡಿ ಅವಳೆದುರು ವಾದ ಮಂಡಿಸಿದೆ. ಅಜ್ಞಾನರು ಮಾಡಿದ ಕರಾರು ಕಾಯಿದೆಯ ಮುಂದೆ ನಿಲ್ಲುವುದಿಲ್ಲ. ಆದಕಾರಣ ಅಂದು ಆ ಹಳದಿ ಪುಟಕ್ಕೆ ನಾನು ಕೊಟ್ಟ ಒಪ್ಪಿಗೆ ಮೂಲತಃ ಅಸಿಂಧು. ಆದಕಾರಣ ನಾನು ತಪ್ಪೇ ಮಾಡಿಲ್ಲ. ಅವಳು ಹೀರೇಕಾಯಿ ಹೆರೆಯುವುದನ್ನು ನಿಲ್ಲಿಸಿ, ತಲೆದೂಗಿ ಕೇಳಿದಳು. ಮೂವತ್ತನಾಲ್ಕು ವರ್ಷದಲ್ಲಿ ಯಾವ ಕಕ್ಷಿದಾರನೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

“ಖರೇ ಐತ್ರಿ. ಹಂಗಾರ ಪಾಲನಕರ್ತಿ ಹೇಳ್ತಾಳ, ಪ್ಯಾಟಿಗೆ ಹೋಗಿ ಕುಕ್ಕರಿನ ಸೀಟಿ ತರ್ರಿ” ಎಂದು ಚೀಲ ಕೊಟ್ಟಳು.

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಷರತ್ತುಗಳೇನೆಂದು ಕೇಳಲಿಲ್ಲ.