ಗದ್ದಲದಲ್ಲಿ ನನ್ನ ಕಿವಿ

ಆ ಪರೀಕ್ಷೆಗೆ ಆಡಿಯೋ... ಆಡಿಯೋಗ್ರಫಿಯೋ, ಮೆಟ್ರಿಯೋ, ಏನೋ ಒಂದು ಹೆಸರಿದೆ. ಗದ್ದಲದ ನಡುವೆ ಮಾತು ಕೇಳಿಸುತ್ತದೆಯೇ ಎಂದು ನೋಡುವುದು. ಬಿಜಾಪುರದಿಂದ ಮದುವೆಯಾಗಿ ಬಂದು ಮಂಗಳೂರಿನಲ್ಲಿ ಐವತ್ತು ವರ್ಷ ಕಳೆದರೂ, ನಾನು ಮನೆಯಿಂದ ಹೊರಬಿದ್ದರೆ ಏನಾದರೊಂದು ಎಡವಟ್ಟು ನಡೆದೇ ನಡೆಯುತ್ತದೆ.

ಹೋದ ತಿಂಗಳು ಕಂಡಕ್ಟರ್ ಕೂಗಿದ್ದು ಕೇಳಿಸದೆ, ದೇರೆಬೈಲಿನಲ್ಲಿ ಇಳಿಯಬೇಕಾದವಳು ಪಣಂಬೂರು ತಲುಪಿದೆ. ಮಗ ತೀರ್ಪು ಕೊಟ್ಟ: "ಅಮ್ಮ, ಕಿವಿ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಇನ್ನು ಒಬ್ಬರೇ ಬಸ್ಸು ಹತ್ತುವುದು." ಬಸ್ಸಿಲ್ಲದಿದ್ದರೆ ಶಕ್ತಿನಗರದ ಗೆಳತಿಯ ಮನೆಯೂ ಇಲ್ಲ, ಗುರುವಾರದ ಹರಟೆಯೂ ಇಲ್ಲ.

೧

ಆಸ್ಪತ್ರೆಯಲ್ಲಿ ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದರು. "ಎಂತ ಕೇಳ್ತದೋ ಅದನ್ನೇ ಹೇಳಿ ಅಜ್ಜಿ" ಎಂದಳು ಪರೀಕ್ಷೆಯ ಹುಡುಗಿ.

ಮೊದಲ ವಾಕ್ಯ: "ಬಾಗಿಲು ಹಾಕು." ಎದ್ದು ಹೋದೆ. ಹೆಡ್‌ಫೋನ್ ವೈರಿನ ಸಮೇತ ಕಿತ್ತು ಬಂತು.

"ಅಯ್ಯೋ ಅಜ್ಜಿ! ಮಾಡ್ಲಿಕ್ಕಿಲ್ಲ, ಬರೀ ಹೇಳ್ಲಿಕ್ಕೆ!"

"ಬರೀ ಹೇಳುವ ಕೆಲಸ ನಮ್ಮ ಮನೆಯಲ್ಲಿ ಗಂಡಸರದ್ದಮ್ಮ" ಎಂದೆ.

೨

ಆಮೇಲೆ ವಾಕ್ಯದ ಹಿಂದೆ ಗದ್ದಲ ಸೇರಿಸಿದರು. ನಾಲ್ಕೈದು ಹೆಂಗಸರು ಒಟ್ಟಿಗೆ ಮಾತಾಡುವ ರೆಕಾರ್ಡಿಂಗ್. ನಾನು ಕೇಳಿದ್ದನ್ನೇ ಹೇಳಿದೆ: "ದೊಡ್ಡ ಮಗಳಿಗೆ ಇನ್ನೂ ಗಂಡು ಸಿಕ್ಕಿಲ್ಲವಂತೆ. ಬಂದ ಸಂಬಂಧವನ್ನು ಅತ್ತಿಗೆಯೇ ತಪ್ಪಿಸಿದಳಂತೆ."

"ಅಜ್ಜಿ, ಅದು ಗದ್ದಲ! ಅದನ್ನು ಕೇಳ್ಲಿಕ್ಕಿಲ್ಲ."

"ಕೇಳಬಾರದು ಅಂದರೆ ಇಷ್ಟು ರುಚಿಯಾಗಿ ಯಾಕೆ ಮಾತಾಡಿಸಿದಿರಿ? ಆ ಹುಡುಗಿಗೆ ನನ್ನ ಹತ್ತಿರ ಒಂದು ಒಳ್ಳೆಯ ಗಂಡು ಇದೆ."

"ರೆಕಾರ್ಡಿಂಗ್ ಹಳೆಯದು ಅಜ್ಜಿ. ಈಗ ಅವಳ ಮಕ್ಕಳಿಗೇ ಗಂಡು ಹುಡುಕ್ತಿರಬೇಕು."

೩

ಕೊನೆಯ ಹತ್ತು ವಾಕ್ಯಗಳಲ್ಲಿ ಪಾಸಾದರೆ ಸಾಕಿತ್ತು. ಹಾಳಾದ್ದು, ಹತ್ತರಲ್ಲೂ ಒಬ್ಬನೇ ಗಂಡಸು, ಅವನಿಗೆ ನಮ್ಮ ಮನೆಯವರದ್ದೇ ಹೆಸರು! ಇಷ್ಟು ವರ್ಷ ಬಾಯಿಗೆ ತಾರದ ಹೆಸರನ್ನು ಯಂತ್ರ ಹೇಳಿತೆಂದು ಹೇಳಲಾದೀತೇ? ಅದೂ ಏಕವಚನದಲ್ಲಿ. ಹೆಸರು ಹಿಡಿದು "ಮರ ಹತ್ತಿದ" ಎಂದರೆ ನಾನು "ನಮ್ಮ ಮನೆಯವರು ಮರ ಹತ್ತಿದರು" ಎಂದೆ. ಮೊಣಕಾಲು ನೋವಿಗೆ ಮೆಟ್ಟಿಲೇ ಹತ್ತದ ಮನುಷ್ಯ, ಆವತ್ತು ಮರ ಹತ್ತಿ, ಹೊಳೆ ದಾಟಿ, ಎಮ್ಮೆಯನ್ನೂ ಓಡಿಸಿದರು.

ಹುಡುಗಿ ಹೊರಗೆ ಬಂದು ಮಗನಿಗೆ ಹೇಳಿದಳು: "ಹತ್ತರಲ್ಲಿ ಸೊನ್ನೆ. ಹೆಸರು ಮಾತ್ರ ಕೇಳುವುದೇ ಇಲ್ಲ."

"ಮುಗಿಯಿತು ಅಮ್ಮ, ಇನ್ನು ಬಸ್ಸಿಲ್ಲ" ಎಂದ ಮಗ.

"ನನಗೆ ಕೇಳಿಸಿತು ಕಣೋ! ನಿನ್ನಪ್ಪನ ಹೆಸರು ಅದು. ನಾನು ಹೇಗೆ ಹೇಳಲಿ?"

ಮಗ ತಲೆಗೆ ಕೈ ಹಚ್ಚಿದ. ಜೊತೆಗೆ ಬಂದಿದ್ದ ಮೊಮ್ಮಗಳು ಕುರ್ಚಿಯಿಂದ ಜಾರುವಷ್ಟು ನಕ್ಕಳು. ಹುಡುಗಿಗೂ ನಗು ತಡೆಯಲಾಗಲಿಲ್ಲ. ಆದರೂ ಬಿಡಲಿಲ್ಲ: "ನಿಮಗೆ ಕೇಳಿದೆ ಅಂತ ನನಗೆ ಹೇಗೆ ಗೊತ್ತಾಗುವುದು ಅಜ್ಜಿ? ಹೇಳ್ಲಿಕ್ಕೆ ಆಗದಿದ್ದರೆ ಬರೆದು ಕೊಡಿ. ಹತ್ತಕ್ಕೆ ಹತ್ತು ಕೊಡ್ತೇನೆ."

ಪೆನ್ನು ಹಿಡಿದೆ. ಒಂದು ಕಡೆ ಬಸ್ಸು, ಇನ್ನೊಂದು ಕಡೆ ಐವತ್ತು ವರ್ಷದ ಮರ್ಯಾದೆ. ಕೈ ಮುಂದಕ್ಕೆ ಹೋಗಲಿಲ್ಲ.

"ಪುಟ್ಟೀ, ಬಾ ಇಲ್ಲಿ. ನನಗೆ ಕೇಳಿಸಿದ್ದನ್ನು ನೀನೇ ಬರೆದು ಕೊಡು. ಮೊದಲು 'ಶ್ರೀ' ಹಾಕು!"