ನೋಣಯ್ಯನ ಬಾವಿಗೆ ಬಂದ ಚರಿತ್ರೆ

ಬೋಳೂರಿನ ನೋಣಯ್ಯನ ಗ್ರಹಚಾರ ಕೆಟ್ಟದ್ದು ಬೆಳ್ಳಂಬೆಳಿಗ್ಗೆ, ಮರದ ಗೂಟಗಳಿಂದ. ಹೊಳೆಬದಿಗೆ ಹೊಸ ರಸ್ತೆ ಹಾಕಲು ಬಂದ ಓವರ್ಸಿಯರು ಅವನ ಬಾವಿಯ ಸುತ್ತ ಗೂಟ ಹೊಡೆಸಿ, ನಾಳೆ ಬಾವಿ ಮುಚ್ಚುತ್ತೇವೆಂದು ಹೇಳಿ ಹೋದರು.

ಆ ಕೇರಿಯ ಉಳಿದ ಬಾವಿಗಳಲ್ಲೆಲ್ಲ ಉಪ್ಪುನೀರು. ಇದೂ ಹೋದರೆ ನೋಣಯ್ಯ ಹೆಂಡತಿ ದೇಯಿಯನ್ನು ಕಟ್ಟಿಕೊಂಡು ಊರು ಬಿಡಬೇಕು. ಅವನಿಗಿಂತ ಹೆಚ್ಚಿನ ಸಂಕಟ, ದಿನವೂ ನೀರು ಸೇದಿ ಅವನ ಹಗ್ಗ ಸವೆಸುತ್ತಿದ್ದ ನೆರೆಯವರಿಗೆ. ದೋಣಿಯ ಲೋಕಯ್ಯ, ಹಂಚಿನ ಕಾರ್ಖಾನೆಯ ರಾಫೆಲ್ ಮೇಸ್ತ್ರಿ ಇಬ್ಬರೂ ಕೆಲಸಕ್ಕೆ ಚಕ್ಕರ್ ಹೊಡೆದು ಜಗಲಿ ಏರಿದರು.

"ಓವರ್ಸಿಯರಿಗೆ ಚರಿತ್ರೆಯ ಮರುಳು ಉಂಟು ಮಾರಾಯ," ಎಂದ ಲೋಕಯ್ಯ. "ಟಿಪ್ಪುವಿನ ಕಾಲದ ಆ ಸುಲ್ತಾನ್ ಬತ್ತೇರಿ ಕೋಟೆ ನೋಡ್ತಾ ಊಟವನ್ನೇ ಮರೆತವರು ಅವರು. ಬತ್ತೇರಿಯ ಸಿಪಾಯಿಗಳು ಕುಡಿದದ್ದು ಇದೇ ನೀರು ಅಂತ ಹೇಳುವ."

ಬಾವಿ ತೋಡಿಸಿದ್ದು ನೋಣಯ್ಯನ ಸೋದರಮಾವ, ಇವನ ಮದುವೆಯ ವರ್ಷ. ಅದನ್ನು ಹೇಳಿದರೆ ಯಾರು ಕೇಳುತ್ತಾರೆ? ರಾಫೆಲ್ ಬಾವಿಕಟ್ಟೆಗೆ ಮಸಿ, ಸಗಣಿನೀರು ಬಳಿದು ಒಂದೇ ಗಳಿಗೆಯಲ್ಲಿ ಅದನ್ನು ಮುದಿ ಮಾಡಿದ. ಲೋಕಯ್ಯ ದೋಣಿಯ ತುಕ್ಕುಹಿಡಿದ ಕಬ್ಬಿಣದ ಪಟ್ಟಿಯನ್ನು ಬಾವಿಗೆ ಹಾಕಿ, ತಾನೇ ಮೇಲೆತ್ತಿ, ಸಿಪಾಯಿಯ ಕತ್ತಿ ಎಂದ. ಆ ಗಡಿಬಿಡಿಯಲ್ಲಿ ಮನೆಯಲ್ಲಿದ್ದ ಒಂದೇ ತಾಮ್ರದ ಕೊಡಪಾನ ಬಾವಿಪಾಲಾಯಿತು. ದೇಯಿ ಬೈದದ್ದು ಮಾತ್ರ ಗಂಡನಿಗೆ.

ಸಂಜೆ ಬಂದ ಓವರ್ಸಿಯರು ಕತ್ತಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಕಣ್ಣು ಒದ್ದೆಯಾಯಿತು. ಆದರೂ ಸರಕಾರಿ ಮನುಷ್ಯ, ಇದೆಲ್ಲ ನಿಜವೋ ಎಂದು ನೋಣಯ್ಯನನ್ನೇ ಕೇಳಿದರು.

ಲೋಕಯ್ಯ ಹಿಂದಿನಿಂದ ತಿವಿದ. ಪಾಪ ನೋಣಯ್ಯ, ಬೊಗಸೆಯಲ್ಲಿ ಬಾವಿನೀರು ಹಿಡಿದು ಮನೆಯ ದೈವದ ಮೇಲೆ ಆಣೆ ಹಾಕಿಬಿಟ್ಟ. ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳುವವರೂ ಆ ಊರಿನಲ್ಲಿ ದೈವದ ಆಣೆಗೆ ನಡುಗುತ್ತಾರೆ.

ಓವರ್ಸಿಯರು ಅಷ್ಟಕ್ಕೇ ಒಪ್ಪಿ, ಬಾವಿಯನ್ನು ಮುಟ್ಟುವುದಿಲ್ಲ ಎಂದರು. ನೆರೆಯವರು ಕೈಮುಗಿದರು. ದೇಯಿಗೂ ನಗು ಬಂತು. ಆಳುಗಳು ಗೂಟಗಳನ್ನು ಕಿತ್ತು ಪಕ್ಕಕ್ಕೆ ಹೊಡೆಯತೊಡಗಿದರು. ಒಂದು ಗೂಟ ನೋಣಯ್ಯನ ಅಡುಗೆಕೋಣೆಯ ಬಾಗಿಲಿಗೇ ಬಂತು. ರಸ್ತೆ ಎಲ್ಲಿಯಾದರೂ ಹೋಗಬೇಕಲ್ಲ.

"ಈ ಮನೆಗೂ ಚರಿತ್ರೆ ಏನಾದರೂ ಉಂಟಾ?" ಎಂದು ಓವರ್ಸಿಯರು ಕೇಳಿದರು.

ನೋಣಯ್ಯ ಬಾಯಿ ತೆರೆದ. ಬಾವಿಯ ಕತೆ ಪೂರ್ತಿ ಸುಳ್ಳೆಂದು ಹೇಳಿಬಿಡೋಣವೆಂದರೆ ದೈವದ ಆಣೆ. ಮನೆಗೂ ಒಂದು ಸುಳ್ಳು ಕಟ್ಟೋಣವೆಂದರೆ ನಾಲಗೆ ಏಳಲಿಲ್ಲ. ಅಳು ಮೋರೆ ಮಾಡಿ ಲೋಕಯ್ಯನ ಕಡೆ ತಿರುಗಿದ.

ಲೋಕಯ್ಯ ಒಮ್ಮೆ ಮನೆಯನ್ನು ನೋಡಿದ, ಒಮ್ಮೆ ಬಾವಿಯನ್ನು ನೋಡಿದ.

"ನಾವು ಸುಳ್ಳು ಹೇಳಬಾರದು ಸರ್," ಎಂದ. "ಈ ಮನೆ ಮೊನ್ನೆ ಮೊನ್ನೆ ಕಟ್ಟಿದ್ದು."